ಆಮೆ ನೋಡಲು ಹೋಗಿ, ಪಾಚಿ ಅಳೆದು ಬನ್ನಿ: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೊಂದು ಕಡಲ ಪ್ರಾಜೆಕ್ಟ್

ದಸರಾ ರಜೆ ಮುಗಿಯುತ್ತಿದ್ದಂತೆ ಈ ಪ್ರಶ್ನೆ ಶುರುವಾಗುತ್ತದೆ. "ಮೇಡಂ, ನಮ್ಮೂರು ಸಕಲೇಶಪುರದ ಹತ್ರ. ಕೊನೇ ವರ್ಷದ ಪ್ರಾಜೆಕ್ಟ್‌ಗೆ ಕಡಲಾಮೆ ತಗೋಬಹುದಾ?" ಮೂಡಿಗೆರೆಯಿಂದ ಒಬ್ಬರು, ಅರಸೀಕೆರೆಯಿಂದ ಒಬ್ಬರು, ಕಡೂರಿನಿಂದ ಇನ್ನೊಬ್ಬರು. ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಘಟ್ಟದ ಮೇಲೆ ಹುಟ್ಟಿದ್ದು ತೊಡಕೇ ಅಲ್ಲ. ಹಾಸನದಿಂದ ಮಂಗಳೂರು ಸುಮಾರು 170 ಕಿ.ಮೀ. ಕುದುರೆಮುಖದ ಕಡೆ ಹುಟ್ಟುವ ನೇತ್ರಾವತಿ, ಸಕಲೇಶಪುರದ ಕಾಡಿನ ಕೆಂಪುಹೊಳೆ ಎರಡರ ನೀರೂ ಕೊನೆಗೆ ಮಂಗಳೂರಿನ ಕಡಲನ್ನೇ ಸೇರುತ್ತದೆ. ತೊಡಕು ಇರುವುದು ವಿಷಯದ ಆಯ್ಕೆಯಲ್ಲಿ. ಕಡಲಾಮೆಯನ್ನು ಮುಟ್ಟಲು ಕಾನೂನು ಬಿಡುವುದಿಲ್ಲ, ಕಾಯುತ್ತಾ ಕೂರಲು ನಿಮ್ಮ ಸೆಮಿಸ್ಟರ್ ಬಿಡುವುದಿಲ್ಲ. ಕಡಲಪಾಚಿ ಹಾಗಲ್ಲ. ಅದು ಬಂಡೆಗೆ ಅಂಟಿಕೊಂಡೇ ಇರುತ್ತದೆ, ನೀವು ಹೋದಾಗ ಸಿಗುತ್ತದೆ, ಅಳೆಯಲು ಒಂದು ಪೈಪಿನ ಚೌಕಟ್ಟು ಸಾಕು. ಹಾಗಾಗಿ ನನ್ನ ಸಲಹೆ ಇಷ್ಟೇ: ಪ್ರಾಜೆಕ್ಟ್ ಪಾಚಿಯ ಮೇಲೆ ಮಾಡಿ, ಆಮೆಯ ಕೆಲಸವನ್ನು ಅನುಮತಿ ಇರುವವರ ಜೊತೆ ನಿಂತು ಕಲಿಯಿರಿ.

ಮೊದಲು ಒಂದು ತಪ್ಪು ಸರಿಮಾಡಿಕೊಳ್ಳೋಣ

ನನ್ನ ಹತ್ತಿರ ಬರುವ ಅರ್ಧಕ್ಕರ್ಧ ಟೈಟಲ್‌ಗಳು ಹೀಗಿರುತ್ತವೆ: "ಆಲಿವ್ ರಿಡ್ಲಿ ಆಮೆ ಮತ್ತು ಕಡಲಪಾಚಿಯ ಸಂಬಂಧ." ಓದಲು ಚೆನ್ನಾಗಿದೆ. ಆದರೆ ಬುಡವೇ ಸರಿಯಿಲ್ಲ.

ಭಾರತದ ಕಡಲಲ್ಲಿ ಐದು ಜಾತಿಯ ಕಡಲಾಮೆಗಳಿವೆ: ಆಲಿವ್ ರಿಡ್ಲಿ, ಹಸಿರು ಆಮೆ, ಹಾಕ್ಸ್‌ಬಿಲ್, ಲೆದರ್‌ಬ್ಯಾಕ್, ಲಾಗರ್‌ಹೆಡ್. ನಮ್ಮ ಕರಾವಳಿಯ ಮರಳಿಗೆ ಬಂದು ಮೊಟ್ಟೆ ಇಡುವುದು ಹೆಚ್ಚೂ ಕಡಿಮೆ ಆಲಿವ್ ರಿಡ್ಲಿಯೇ. ಅದು ತಿನ್ನುವುದು ಏಡಿ, ಸಿಗಡಿ, ಚಿಪ್ಪುಜೀವಿ, ಜೆಲ್ಲಿ ಮೀನು ಇಂಥವನ್ನು. ಪಾಚಿ ಬಾಯಿಗೆ ಬಿದ್ದರೂ ಅದು ಮುಖ್ಯ ಊಟ ಅಲ್ಲ. ದೊಡ್ಡದಾದ ಮೇಲೆ ಪಾಚಿ ಮತ್ತು ಕಡಲಹುಲ್ಲು ಮೇಯುವುದು ಹಸಿರು ಆಮೆ. ಅದರ ಚಿಪ್ಪು ಹಸಿರಲ್ಲ, ಒಳಗಿನ ಕೊಬ್ಬು ಹಸಿರು. ಹೆಸರು ಬಂದದ್ದು ಅದರಿಂದ.

ಲಕ್ಷದ್ವೀಪದ ಅಗತ್ತಿಯಂಥ ಲಗೂನ್‌ಗಳಲ್ಲಿ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿನಲ್ಲಿ, ಹಸಿರು ಆಮೆಗಳು ಜಾಸ್ತಿಯಾಗಿ ಕಡಲಹುಲ್ಲನ್ನು ಬೋಳು ಮಾಡಿದ್ದನ್ನು ವಿಜ್ಞಾನಿಗಳು ವರ್ಷಗಟ್ಟಲೆ ದಾಖಲಿಸಿದ್ದಾರೆ. ಆಮೆಯಿಂದಾಗಿ ಮೀನು ಕಡಿಮೆಯಾಯಿತು ಎಂದು ಅಲ್ಲಿನ ಮೀನುಗಾರರು ಸಿಟ್ಟಾಗಿದ್ದೂ ಉಂಟು. ಆಮೆ ಮತ್ತು ಸಸ್ಯದ ಸಂಬಂಧ ಎಂದರೆ ಅದು. ಮಂಗಳೂರು ಹತ್ತಿರದ ಸಸಿಹಿತ್ಲು ಬೀಚಿನಲ್ಲಿ ನಿಂತು ಅದನ್ನು ಹುಡುಕಿದರೆ ಸಿಗುವುದಿಲ್ಲ.

ಇನ್ನೂ ಒಂದು ಮಾತು. ಕಡಲಹುಲ್ಲು ಬೇರೆ, ಕಡಲಪಾಚಿ ಬೇರೆ. ಕಡಲಹುಲ್ಲಿಗೆ ಬೇರಿದೆ, ಹೂವೂ ಬಿಡುತ್ತದೆ. ನಮ್ಮ ಗದ್ದೆ ಬದುವಿನ ಹುಲ್ಲಿನ ಹಾಗೇ ಅದು ನಿಜವಾದ ಸಸ್ಯ. ಪಾಚಿಗೆ ಬೇರಿಲ್ಲ. ಬಂಡೆಯನ್ನು ಹಿಡಿದುಕೊಳ್ಳಲು ಹೋಲ್ಡ್‌ಫಾಸ್ಟ್ ಎಂಬ ಒಂದು ಹಿಡಿಕೆ ಇರುತ್ತದೆ, ಅಷ್ಟೇ. ಅದು ನೀರು, ಗೊಬ್ಬರ ಏನನ್ನೂ ಹೀರುವುದಿಲ್ಲ. ವೈವಾದಲ್ಲಿ ಕೇಳುವ ಮೊದಲ ಪ್ರಶ್ನೆಯೇ ಇದು.

"ಪಾಚಿಯಿಂದ ಏನು ಪ್ರಯೋಜನ?" ಎಂದು ಮನೆಯಲ್ಲಿ ಕೇಳಿದರೆ ತೋಟದ ಸ್ಟೋರ್ ರೂಮು ತೋರಿಸಿ. ಕಾಫಿಗೆ, ಮೆಣಸಿಗೆ ಸ್ಪ್ರೇ ಮಾಡುವ ಸೀವೀಡ್ ದ್ರಾವಣದ ಕ್ಯಾನ್ ಅಲ್ಲಿರಬಹುದು. ಫಲೂದಾಕ್ಕೆ ಹಾಕುವ ಚೈನಾ ಗ್ರಾಸ್, ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಎರಡೂ ಒಂದೇ ಪದಾರ್ಥ. ಕೆಂಪು ಪಾಚಿಯಿಂದ ಬಂದದ್ದು.

ಏನೇನು ಬೇಕು

ಅರ್ಧ ಇಂಚಿನ ಪಿವಿಸಿ ಪೈಪು ಎರಡು ಮೀಟರ್, ನಾಲ್ಕು ಎಲ್ಬೋ, ನೈಲಾನ್ ದಾರ. 30 ಮೀಟರಿನ ಅಳತೆ ಟೇಪು ಅಥವಾ ಮೀಟರ್‌ಗೊಂದು ಗಂಟು ಹಾಕಿದ ಹಗ್ಗ. ಪೆನ್ಸಿಲ್ ನಾಲ್ಕು. ಜಿಪ್ ಇರುವ ಪ್ಲಾಸ್ಟಿಕ್ ಕವರು, ಮುಚ್ಚಳ ಇರುವ ಎರಡು ಬಕೆಟ್, ಹಳೇ ಪೇಪರು, ತೆಳು ಮಲ್ ಬಟ್ಟೆ, ದಪ್ಪ ಡ್ರಾಯಿಂಗ್ ಶೀಟು. ಹಿಂದೆ ಪಟ್ಟಿ ಇರುವ, ಅಡಿ ಸವೆಯದ ಚಪ್ಪಲಿ ಅಥವಾ ಹಳೇ ಕ್ಯಾನ್ವಾಸ್ ಶೂ. ಜೊತೆಗೆ ಒಬ್ಬರು. ಈ ಕೊನೆಯದನ್ನು ಬಿಟ್ಟು ಬೇರೆ ಯಾವುದು ಮರೆತರೂ ನಡೆಯುತ್ತದೆ.

ಪೆನ್ಸಿಲ್ ಯಾಕೆ ಅಂದರೆ, ಮೊದಲ ಸಲ ನಾನು ಬಾಲ್ ಪೆನ್ನಿನಲ್ಲಿ ಬರೆದುಕೊಂಡು ಬಂದಿದ್ದೆ. ಹಾಸನ ತಲುಪುವಷ್ಟರಲ್ಲಿ ಹನ್ನೊಂದು ಕವರುಗಳ ಲೇಬಲ್ಲೂ ನೀಲಿ ನೀರಾಗಿತ್ತು. ಯಾವ ಪಾಚಿ ಯಾವ ಬಂಡೆಯದು ಎಂದು ಇವತ್ತಿಗೂ ಗೊತ್ತಿಲ್ಲ.

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಕರ್ನಾಟಕ ಕರಾವಳಿಯ ಕಡಲಪಾಚಿ ವೈವಿಧ್ಯ" ಎನ್ನುವುದು ಪ್ರಾಜೆಕ್ಟ್ ಅಲ್ಲ, ಒಂದು ಇಡೀ ಸಂಸ್ಥೆಯ ಕೆಲಸ. ನಿಮಗೆ ಸಿಗುವುದು ಮೂರೋ ನಾಲ್ಕೋ ವಾರಾಂತ್ಯ. ಆ ಲೆಕ್ಕಕ್ಕೆ ಹೊಂದುವ ಪ್ರಶ್ನೆ ಹೀಗಿರಲಿ:

ದಡದಿಂದ ನೀರಿನ ಕಡೆ ಹೋದ ಹಾಗೆ ಒಂದೇ ಬಂಡೆಯ ಮೇಲೆ ಪಾಚಿಯ ಜಾತಿಗಳು ಹೇಗೆ ಬದಲಾಗುತ್ತವೆ? ಅಥವಾ, ಊರಿನ ಚರಂಡಿ ನೀರು ಸೇರುವ ಕಡೆಗೂ ಸೇರದ ಕಡೆಗೂ ಹಸಿರು ಪಾಚಿಯಲ್ಲಿ ವ್ಯತ್ಯಾಸ ಇದೆಯಾ? ಅಥವಾ, ನವೆಂಬರಿನಲ್ಲಿ ನೋಡಿದ ಬಂಡೆ ಫೆಬ್ರವರಿಯಲ್ಲಿ ಹೇಗಿದೆ?

ಮೂರರಲ್ಲಿ ಒಂದೇ ಒಂದು ಆರಿಸಿ. ಮೂರನ್ನೂ ಸೇರಿಸಬೇಡಿ. ಸೇರಿಸಿದವರು ಮಾರ್ಚಿಯಲ್ಲಿ ಅಳುತ್ತಾ ಬರುತ್ತಾರೆ.

ಹಂತ 2: ಜಾಗ, ತಿಂಗಳು

ಬೀಚ್ ಅಂದರೆ ಮರಳು ಎಂದುಕೊಂಡು ಪಣಂಬೂರಿಗೋ ಮಲ್ಪೆಗೋ ಹೋಗಿ ಬರಿಗೈಲಿ ಬಂದವರಿದ್ದಾರೆ. ಪಾಚಿಗೆ ಹಿಡಿದುಕೊಳ್ಳಲು ಕಲ್ಲು ಬೇಕು. ಉಳ್ಳಾಲದ ಪಕ್ಕದ ಸೋಮೇಶ್ವರ, ಸುರತ್ಕಲ್ ಮತ್ತು ಕಾಪುವಿನ ಲೈಟ್‌ಹೌಸ್ ಬಂಡೆಗಳು, ಗೋಕರ್ಣದ ಓಂ ಬೀಚ್ ಆಸುಪಾಸು, ಕುಮಟಾದ ವನ್ನಳ್ಳಿ, ಕಾರವಾರದ ಬಿಣಗಾ ಕಡೆಗಳಲ್ಲಿ ಕಲ್ಲಿನ ದಡವಿದೆ. ಹಾಸನದವರಿಗೆ ಸೋಮೇಶ್ವರ, ಸುರತ್ಕಲ್ ಹತ್ತಿರ. ಉತ್ತರ ಕನ್ನಡಕ್ಕೆ ಹೋಗುವುದಾದರೆ ಬೆಂಗಳೂರು–ಕಾರವಾರ ರಾತ್ರಿ ರೈಲು ಹಾಸನದ ಮೇಲೇ ಹೋಗುತ್ತದೆ. ಚಿಕ್ಕಮಗಳೂರಿನವರು ಚಾರ್ಮಾಡಿ ಇಳಿದರೆ ಆಯಿತು.

ತಿಂಗಳು: ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ. ಮಳೆಗಾಲದಲ್ಲಿ ಅಲೆ ಪಾಚಿಯನ್ನು ಕಿತ್ತು ಹಾಕಿರುತ್ತದೆ, ನಿಮ್ಮನ್ನೂ ಬಿಡುವುದಿಲ್ಲ. ಘಟ್ಟದ ರಸ್ತೆಯದ್ದಂತೂ ಹೇಳುವುದೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಬಂದರಿನಲ್ಲಿ ಮಾತಾಡಿಸಲೂ ಜನ ಕಡಿಮೆ. ಬೇಸಿಗೆ ಹೆಚ್ಚಿದಂತೆ ಮೇಲಿನ ಬಂಡೆಯ ಪಾಚಿ ಬಿಸಿಲಿಗೆ ಸುಟ್ಟು ಬಿಳಿಚಿಕೊಳ್ಳುತ್ತದೆ.

ಹಂತ 3: ಇಳಿತದ ಲೆಕ್ಕ

ಎಲ್ಲರೂ ಎಡವುವುದು ಇಲ್ಲಿಯೇ. ನಮಗೆ ಘಟ್ಟದ ಮೇಲಿನವರಿಗೆ ನೀರು ಅಂದರೆ ಕೆರೆ, ಹೊಳೆ. ಮಳೆ ಬಂದರೆ ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಏರುವುದು ಉಬ್ಬರ, ಇಳಿಯುವುದು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಶನಿವಾರ ಬೆಳಿಗ್ಗೆ 6.30ಕ್ಕೆ ನೀರು ಪೂರ್ತಿ ಇಳಿದಿದ್ದರೆ, ಭಾನುವಾರ ಅದು 7.20ರ ಹೊತ್ತಿಗೆ.

ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ, ಅದರಲ್ಲೂ ಒಂದೆರಡು ದಿನ ಕಳೆದ ಮೇಲೆ, ನೀರು ಅತಿ ಹೆಚ್ಚು ಹಿಂದೆ ಸರಿಯುತ್ತದೆ. ಅಷ್ಟಮಿ ಹೊತ್ತಿಗೆ ಹೋದರೆ ಏರಿಳಿತವೇ ಕಡಿಮೆ. ಮನೆಯ ಕ್ಯಾಲೆಂಡರಿನಲ್ಲೇ ಅರ್ಧ ಕೆಲಸ ಆಗುತ್ತದೆ, ಅಲ್ವಾ? ಉಳಿದರ್ಧಕ್ಕೆ ಹೈದರಾಬಾದಿನ ಇನ್‌ಕಾಯಿಸ್ ಇದೆ. ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ. ಅದರ ಜಾಲತಾಣದಲ್ಲಿ ಉಬ್ಬರ–ಇಳಿತದ ಮುನ್ಸೂಚನೆಯೂ ದೊಡ್ಡ ಅಲೆಯ ಎಚ್ಚರಿಕೆಯೂ ಸಿಗುತ್ತದೆ. ನಿಮ್ಮ ಜಾಗಕ್ಕೆ ಹತ್ತಿರದ ಬಂದರು ಆರಿಸಿ. ಮೀಟರಿನಲ್ಲಿ ಕೊಟ್ಟ ಅಂಕಿಗಳಲ್ಲಿ ಅತಿ ಚಿಕ್ಕದು ಯಾವ ದಿನ ಹಗಲು ಹೊತ್ತಿಗೆ ಬೀಳುತ್ತದೆ ನೋಡಿ. ಆ ದಿನಕ್ಕೆ ಬಸ್ಸೋ ರೈಲೋ ಬುಕ್ ಮಾಡಿ. ಮೊದಲು ರಜೆ ನೋಡಿ ಆಮೇಲೆ ಇಳಿತ ನೋಡುವುದು ತಲೆಕೆಳಗಾದ ಕ್ರಮ. ನನ್ನ ಮೊದಲ ಪ್ರವಾಸದಲ್ಲಿ ಹಾಗೆ ಮಾಡಿ, ತುಂಬಿದ ಕಡಲನ್ನು ನೋಡುತ್ತಾ ಚುರುಮುರಿ ತಿಂದು ವಾಪಸು ಬಂದೆವು.

ಪೂರ್ತಿ ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ಬಂಡೆಯ ಮೇಲೆ ಇರಬೇಕು. ಇಳಿತ ಆದ ಒಂದೂವರೆ ಗಂಟೆಗೆ ಏನೇ ಬಾಕಿ ಇರಲಿ, ಎದ್ದು ಬರಬೇಕು. ನಿಮ್ಮ ಕೈಲಿರುವುದು ಆ ಮೂರು ಗಂಟೆ ಮಾತ್ರ.

ಹಂತ 4: ಮನೆಯ ಗೋಡೆಯ ಮೇಲೆ ತಾಲೀಮು

ಪೈಪನ್ನು 50 ಸೆಂ.ಮೀ.ನ ನಾಲ್ಕು ತುಂಡು ಮಾಡಿ ಎಲ್ಬೋ ಹಾಕಿ ಚೌಕ ಮಾಡಿ. ಪ್ರತಿ 10 ಸೆಂ.ಮೀ.ಗೆ ತೂತು ಕೊರೆದು ಅಡ್ಡ, ಉದ್ದ ದಾರ ಕಟ್ಟಿ. ಒಟ್ಟು 25 ಪುಟ್ಟ ಮನೆಗಳಾಗುತ್ತವೆ. ಒಂದು ಮನೆ ಅಂದರೆ ನೂರಕ್ಕೆ ನಾಲ್ಕು. ಇದಕ್ಕೇ ಕ್ವಾಡ್ರಾಟ್ ಎನ್ನುವುದು. ಪೈಪಿಗೆ ಬೇರೆ ಕಡೆಯೂ ನಾಲ್ಕಾರು ತೂತು ಹಾಕಿ. ಇಲ್ಲದಿದ್ದರೆ ಒಳಗಿನ ಗಾಳಿಗೆ ಅದು ನೀರಿನಲ್ಲಿ ತೇಲುತ್ತಾ ಹೋಗುತ್ತದೆ, ನೀವು ಅದರ ಹಿಂದೆ ಓಡುತ್ತೀರಿ.

ಈಗ ಹಿತ್ತಲಿಗೆ ಹೋಗಿ. ಮಲೆನಾಡಿನ ಮನೆ ಅಂದ ಮೇಲೆ ಹಾವಸೆ ಹಿಡಿದ ಒಂದು ಗೋಡೆ, ಇಲ್ಲ ಬಾವಿ ಕಟ್ಟೆ ಇದ್ದೇ ಇರುತ್ತದೆ. ಬಯಲುಸೀಮೆಯವರಾದರೆ ಕಾಲೇಜು ಮೈದಾನದ ಹುಲ್ಲು ಸಾಕು. ಚೌಕಟ್ಟು ಇಟ್ಟು, ಹಸಿರು ಎಷ್ಟು ಪರ್ಸೆಂಟ್ ಇದೆ ಎಂದು ಇಬ್ಬರೂ ಬೇರೆ ಬೇರೆಯಾಗಿ ಬರೆಯಿರಿ. ಒಬ್ಬರು ಇನ್ನೊಬ್ಬರ ಕಾಗದ ನೋಡಬಾರದು. ಮೊದಲ ದಿನ ಒಬ್ಬರದು 60, ಇನ್ನೊಬ್ಬರದು 35 ಬರುತ್ತದೆ. ಜಗಳ ಆಗುತ್ತದೆ. ಅರ್ಧಕ್ಕಿಂತ ಜಾಸ್ತಿ ತುಂಬಿದ ಮನೆಯನ್ನು ಒಂದು ಎಂದು ಎಣಿಸಿ, ಕಡಿಮೆ ಇದ್ದರೆ ಬಿಟ್ಟುಬಿಡಿ ಎಂಬ ನಿಯಮ ಹಾಕಿಕೊಳ್ಳಿ. ವ್ಯತ್ಯಾಸ ಹತ್ತರ ಒಳಗೆ ಬರುವ ತನಕ ಮಾಡಿ. ಮೂರು ಸಂಜೆ ಸಾಕು. ಕಡಲಿಗೆ ಹೋಗಿ ಕಲಿಯುತ್ತೇವೆ ಎಂದರೆ ಆ ಮೂರು ಗಂಟೆಯಲ್ಲಿ ಎರಡು ಗಂಟೆ ಜಗಳಕ್ಕೇ ಹೋಗುತ್ತದೆ.

ಹಂತ 5: ಬಂಡೆಯ ಮೇಲೆ

ಮೊದಲು ದಡದಲ್ಲಿ ಇರುವವರನ್ನು ಮಾತಾಡಿಸಿ. "ಅಣ್ಣಾ, ನಾವು ಹಾಸನದ ಕಾಲೇಜಿನವರು, ಕಲ್ಲಿನ ಮೇಲಿನ ಪಾಚಿ ನೋಡೋಕೆ ಬಂದಿದ್ದೀವಿ, ಇಲ್ಲಿ ಇಳಿಯಬಹುದಾ?" ಎಂದು ಕೇಳಿ. ಯಾವ ಕಲ್ಲು ಜಾರುತ್ತದೆ, ಯಾವ ಸಂದಿಯಲ್ಲಿ ಅಲೆ ಹಠಾತ್ತಾಗಿ ನುಗ್ಗುತ್ತದೆ ಎಂಬುದು ಮೀನುಗಾರರಿಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿಲ್ಲ. ಅವರು ಬೇಡ ಅಂದರೆ ಬೇಡ. ವಾದ ಮಾಡಬೇಡಿ.

ಆಮೇಲೆ ದಡದಿಂದ ನೀರಿನ ಕಡೆಗೆ ನೇರವಾಗಿ ಟೇಪು ಎಳೆಯಿರಿ. ಈ ಗೆರೆಗೆ ಟ್ರಾನ್ಸೆಕ್ಟ್ ಎನ್ನುತ್ತಾರೆ. ಅದರ ಮೇಲೆ ಹತ್ತು ಕಡೆ ಚೌಕಟ್ಟು ಇಡಬೇಕು. ಎಲ್ಲಿಡಬೇಕು? ಪಾಚಿ ಚೆನ್ನಾಗಿರುವ ಕಡೆ ಕೈ ತಾನಾಗಿಯೇ ಹೋಗುತ್ತದೆ. ಅದೇ ದೊಡ್ಡ ತಪ್ಪು. ಮನೆಯಲ್ಲೇ 1ರಿಂದ 30ರವರೆಗೆ ಚೀಟಿ ಬರೆದು ಡಬ್ಬಿಯಲ್ಲಿ ಹಾಕಿಕೊಂಡು ಬನ್ನಿ. 17 ಬಂದರೆ 17ನೇ ಮೀಟರಿಗೆ ಇಡಿ. ಅಲ್ಲಿ ಬರೀ ಬೋಳು ಕಲ್ಲಿದ್ದರೂ ಸರಿ, "0" ಎಂದು ಬರೆಯಿರಿ. ಸೊನ್ನೆಯೂ ಲೆಕ್ಕವೇ. ಸೊನ್ನೆಯೇ ಇಲ್ಲದ ನೋಟ್‌ಬುಕ್ ನೋಡಿದರೆ ನನಗೆ ಅನುಮಾನ ಬರುತ್ತದೆ. ಆದರೆ ಪ್ರಶ್ನೆ ದಡದಿಂದ ನೀರಿನ ಕಡೆಗಿನ ಬದಲಾವಣೆಯದ್ದಾದರೆ ಗೆರೆಯನ್ನು ಮೇಲು, ನಡು, ಕೆಳಗು ಎಂದು ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೂ ಬೇರೆ ಚೀಟಿ ಎತ್ತಿ. ಇಲ್ಲದಿದ್ದರೆ ಹತ್ತೂ ಚೀಟಿ ಮೇಲುಭಾಗಕ್ಕೇ ಬಿದ್ದು ಕೂರಬಹುದು.

ಒಂದು ಚೌಕಟ್ಟಿಗೆ ಐದು ನಿಮಿಷ ಹಿಡಿಯುತ್ತದೆ. ಮೂರು ಗೆರೆ, ಒಟ್ಟು 30 ಚೌಕಟ್ಟು ಅಂದರೆ ಎರಡೂವರೆ ಗಂಟೆ. ಅದಕ್ಕಿಂತ ಜಾಸ್ತಿ ಆಸೆ ಪಡಬೇಡಿ. ನೀರಿನ ಹತ್ತಿರದ ಚೌಕಟ್ಟುಗಳನ್ನು ಇಳಿತದ ಹೊತ್ತಿಗೆ ಸರಿಯಾಗಿ ಮುಗಿಸಿ. ಮೇಲಿನವು ಎಲ್ಲಿಗೂ ಹೋಗುವುದಿಲ್ಲ.

ಪ್ರತಿ ಚೌಕಟ್ಟಿಗೂ ನೇರ ಮೇಲಿನಿಂದ ಒಂದು ಫೋಟೋ ತೆಗೆಯಿರಿ. ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ. ನಂಬರ್ ಬರೆದ ಚೀಟಿ ಫೋಟೋದೊಳಗೇ ಇರಲಿ.

ಮೊದಲ ದಿನಕ್ಕೆ ಗೊತ್ತಿರಬೇಕಾದವು ಇಷ್ಟೇ. ಉಲ್ವಾ: ತೆಳು ಹಸಿರು ಹಾಳೆ, ಪ್ಲಾಸ್ಟಿಕ್ ಕವರಿನ ಹಾಗೆ. ಎರಡೇ ಕೋಶದಷ್ಟು ದಪ್ಪ. ಕೀಟೊಮಾರ್ಫಾ: ಒರಟು ಹಸಿರು ಕೂದಲು. ಪಡೀನಾ: ಬೀಸಣಿಗೆಯಂತೆ ಅರಳಿದ ಕಂದು ಪಾಚಿ, ಮೇಲೆ ಸುಣ್ಣ ಬಳಿದ ಹಾಗೆ ಕಮಾನು ಗೆರೆಗಳು. ಸರ್ಗಾಸಮ್: ಕಂದು ಬಣ್ಣ, ಎಲೆಯಂಥ ಭಾಗ, ಜೊತೆಗೆ ಮೆಣಸಿನ ಕಾಳಿನಷ್ಟು ಗಾಳಿ ಗುಳ್ಳೆಗಳು. ಆ ಗುಳ್ಳೆಗಳಿಂದಲೇ ಅದು ನೀರಿನಲ್ಲಿ ನೆಟ್ಟಗೆ ನಿಲ್ಲುವುದು. ಗ್ರಾಸಿಲೇರಿಯಾ: ಕೆಂಪು ಗುಂಪಿನದು, ಶಾವಿಗೆಯಂತೆ ದುಂಡು, ಕವಲು ಕವಲು. ಎಚ್ಚರ: ಕೆಂಪು ಪಾಚಿ ಯಾವಾಗಲೂ ಕೆಂಪಗೆ ಇರುವುದಿಲ್ಲ. ಬಿಸಿಲು ಜಾಸ್ತಿ ಬೀಳುವ ಕಡೆ ಅದು ಕಂದಾಗಿಯೋ ಹಳದಿ ಹಸಿರಾಗಿಯೋ ಕಾಣುತ್ತದೆ. ಬಣ್ಣ ನೋಡಿ ಗುಂಪು ಬರೆಯಬೇಡಿ. ಗೊತ್ತಾಗದಿದ್ದರೆ "ಕೆಂಪು 1", "ಕೆಂಪು 2" ಎಂದು ಬರೆದು ತುಂಡೊಂದನ್ನು ಕವರಿಗೆ ಹಾಕಿ. ತಪ್ಪು ಹೆಸರಿಗಿಂತ ಹೆಸರಿಲ್ಲದಿರುವುದು ವಾಸಿ.

ಕೀಳುವಾಗ ಜಾತಿಗೊಂದೋ ಎರಡೋ ತುಂಡು ಸಾಕು. ಹೋಲ್ಡ್‌ಫಾಸ್ಟ್ ಸಮೇತ ಬರಬೇಕು, ಯಾಕೆಂದರೆ ಗುರುತಿಗೆ ಅದೂ ಬೇಕು. ಹಾಗಂತ ಚೌಕಟ್ಟೇ ಬೋಳು ಮಾಡಿದರೆ ಫೆಬ್ರವರಿಯಲ್ಲಿ ಬಂದು ನೋಡಲು ಏನೂ ಉಳಿದಿರುವುದಿಲ್ಲ.

ಕಡಲಿಗೆ ಯಾವತ್ತೂ ಬೆನ್ನು ಹಾಕಬೇಡಿ. ಹೇಮಾವತಿಯಲ್ಲಿ ಈಜಿ ಬೆಳೆದವರಿಗೇ ಧೈರ್ಯ ಜಾಸ್ತಿ. ಕಡಲಿಗೆ ಆ ಧೈರ್ಯ ಲೆಕ್ಕಕ್ಕಿಲ್ಲ. ಒಬ್ಬರು ಬರೆಯುವಾಗ ಇನ್ನೊಬ್ಬರು ಅಲೆ ನೋಡುತ್ತಿರಬೇಕು. ಹಸಿರು ಹಾಳೆ ಪಾಚಿಯ ಮೇಲೆ ಕಾಲಿಡಬೇಡಿ, ಸೋಪಿನ ಹಾಗೆ ಜಾರುತ್ತದೆ. ಬಿದ್ದಾಗ ಕೈ ಊರುವುದು ಕಲ್ಲಿಗೆ ಅಂಟಿರುವ ಮಳಿ ಚಿಪ್ಪಿನ ಮೇಲೆ, ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಹಂತ 6: ಆಮೆಯ ಕಡೆ

ಐದೂ ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಮೊಟ್ಟೆ ಎತ್ತುವುದು, ಮರಿಯನ್ನು ಬಕೆಟ್ಟಿಗೆ ಹಾಕುವುದು, ಸತ್ತ ಆಮೆಯ ಚಿಪ್ಪನ್ನು ಲ್ಯಾಬಿಗೆಂದು ತರುವುದು ಎಲ್ಲವೂ ಅಪರಾಧ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. "ನಾವು ವಿದ್ಯಾರ್ಥಿಗಳು" ಎನ್ನುವುದು ಅಲ್ಲಿ ನಡೆಯುವುದಿಲ್ಲ. ಸಂಶೋಧನೆಗೆ ಅನುಮತಿ ಬೇಕಾದರೆ ಕಾಲೇಜಿನ ಮೂಲಕ ಬೆಂಗಳೂರಿನ ಅರಣ್ಯ ಭವನದಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಬೇಕು. ಮೊದಲ ಪಟ್ಟಿಯ ಪ್ರಾಣಿಯಾದ್ದರಿಂದ ಕೇಂದ್ರದ ಒಪ್ಪಿಗೆಯೂ ಸೇರುತ್ತದೆ. ಒಂದು ಸೆಮಿಸ್ಟರಿನಲ್ಲಿ ಮುಗಿಯುವ ಕೆಲಸ ಅಲ್ಲ.

ಹಾಗಾದರೆ ಏನು ಮಾಡಬಹುದು? ಡಿಸೆಂಬರಿನಿಂದ ಮಾರ್ಚಿಯವರೆಗೆ ಹೊನ್ನಾವರ, ಕಾರವಾರ, ಕುಂದಾಪುರ, ಮಂಗಳೂರು ಕಡೆ ಆಲಿವ್ ರಿಡ್ಲಿ ಮೊಟ್ಟೆ ಇಡುವ ಕಾಲ. ಅರಣ್ಯ ಇಲಾಖೆಯವರು ಸ್ಥಳೀಯ ಮೀನುಗಾರರ ಜೊತೆ ಗೂಡುಗಳನ್ನು ಕಾಯುತ್ತಾರೆ. ಗೂಡು ಇದ್ದ ಕಡೆಯೇ ಬಲೆ ಕಟ್ಟುತ್ತಾರೆ, ಇಲ್ಲ ಹ್ಯಾಚರಿಗೆ, ಅಂದರೆ ಬೇಲಿ ಹಾಕಿದ ಸುರಕ್ಷಿತ ಮರಳಿಗೆ, ಸಾಗಿಸುತ್ತಾರೆ. ನಿಮ್ಮ ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಆ ವಲಯದ ಅರಣ್ಯ ಕಚೇರಿಗೆ ಒಂದು ತಿಂಗಳು ಮೊದಲೇ ಹೋಗಿ. ಇಬ್ಬರು ಮೂವರಾದರೆ ಒಪ್ಪುವ ಸಾಧ್ಯತೆ ಜಾಸ್ತಿ. ನಲವತ್ತು ಜನರ ಬಸ್ಸು ತಂದರೆ ಅವರಿಗೂ ಕಷ್ಟ, ಆಮೆಗೂ ಕಷ್ಟ.

ನೋಡಿ ಕಲಿಯಲು ಬೇಕಾದಷ್ಟಿದೆ. ನಮ್ಮ ಕೆರೆ ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳುತ್ತದೆ, ಕಡಲಾಮೆಗೆ ಅದು ಆಗುವುದಿಲ್ಲ. ಮರಳಿನ ಮೇಲಿನ ಜಾಡು ನೋಡಿಯೇ ಜಾತಿ ಹೇಳಬಹುದು: ರಿಡ್ಲಿ ಒಂದು ಕೈ ಆದ ಮೇಲೆ ಇನ್ನೊಂದು ಇಟ್ಟು ತೆವಳುತ್ತದೆ, ಹಾಗಾಗಿ ಗುರುತುಗಳು ಎಡ ಬಲ ಹಿಂದೆ ಮುಂದೆ ಬೀಳುತ್ತವೆ. ಹಸಿರು ಆಮೆ ಎರಡೂ ಕೈ ಒಟ್ಟಿಗೆ ಹಾಕಿ ಎಳೆಯುವುದರಿಂದ ಎರಡೂ ಬದಿ ಸರಿಸಮ. ರಿಡ್ಲಿ ಒಂದು ಗೂಡಿನಲ್ಲಿ ನೂರು, ನೂರಿಪ್ಪತ್ತು ಮೊಟ್ಟೆ ಇಡುತ್ತದೆ. ಮರಿ ಬರಲು 45ರಿಂದ 60 ದಿನ. ಮರಿ ಹೆಣ್ಣೋ ಗಂಡೋ ಎಂಬುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ. ಸುಮಾರು 29 ಡಿಗ್ರಿಯ ಆಸುಪಾಸು ಎರಡೂ ಬರುತ್ತವೆ, ಅದಕ್ಕಿಂತ ಬಿಸಿಯಾದಷ್ಟೂ ಹೆಣ್ಣು ಜಾಸ್ತಿ.

ಬಿಳಿ ಟಾರ್ಚು, ಮೊಬೈಲ್ ಫ್ಲಾಶು ಬೇಡವೇ ಬೇಡ. ಮರಿಗಳು ಬೆಳಕು ಜಾಸ್ತಿ ಇರುವ ಕಡೆ ಓಡುತ್ತವೆ. ಕತ್ತಲ ದಡದಲ್ಲಿ ಅದು ಕಡಲ ಕಡೆ ಆಗಿರಬೇಕು, ನಿಮ್ಮ ಕೈಯ ಟಾರ್ಚಿನ ಕಡೆ ಅಲ್ಲ. ಟಾರ್ಚಿಗೆ ಕೆಂಪು ಗಾಜು ಕಾಗದ ಸುತ್ತಿ. ಆಗಲೂ ಕಾವಲಿನವರು ಹೇಳಿದಾಗ ಮಾತ್ರ ಹಾಕಿ. ಗೂಡು ಕಂಡರೆ ನೀವೇ ಸಾಗಿಸಲು ಹೋಗಬೇಡಿ. ಇಟ್ಟ ಕೆಲವು ಗಂಟೆಗಳಲ್ಲೇ ಒಳಗಿನ ಭ್ರೂಣ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಸಾಯುತ್ತದೆ. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ನಾಯಿ ಬರದ ಹಾಗೆ ಅಲ್ಲೇ ನಿಂತಿರಿ. ಗೂಡಿನ ಜಾಗವನ್ನು ಸ್ಟೇಟಸ್‌ನಲ್ಲಿ ಹಾಕಬೇಡಿ.

ಅದೃಷ್ಟವಿದ್ದರೆ ಮರಿ ಹೋದ ಮೇಲೆ ಗೂಡು ಬಗೆದು ಎಣಿಸುವ ಹೊತ್ತಿಗೆ ನೀವಿರುತ್ತೀರಿ. ಬಗೆಯುವುದು ಇಲಾಖೆಯವರು, ನೀವು ಎಣಿಕೆ ಬರೆಯುವವರು. ಚಿಪ್ಪಿನ ಅರ್ಧಕ್ಕಿಂತ ದೊಡ್ಡ ತುಂಡು ಇದ್ದರೆ ಮಾತ್ರ ಒಂದು ಮೊಟ್ಟೆ ಎಂದು ಲೆಕ್ಕ. ಉದಾಹರಣೆಗೆ ಒಟ್ಟು 112 ಮೊಟ್ಟೆಯಲ್ಲಿ 91 ಖಾಲಿ ಚಿಪ್ಪು ಸಿಕ್ಕಿತು ಅನ್ನಿ. 91 ಭಾಗಿಸು 112, ಅಂದರೆ ನೂರಕ್ಕೆ 81 ಒಡೆದು ಮರಿಯಾಗಿವೆ. ಆದರೆ ಗೂಡಿನೊಳಗೇ 4 ಜೀವಂತ, 3 ಸತ್ತ ಮರಿ ಸಿಕ್ಕಿದ್ದರೆ ತಾವಾಗಿ ಹೊರಬಂದದ್ದು 84 ಮಾತ್ರ, ನೂರಕ್ಕೆ 75. ಈ ಎರಡು ಅಂಕಿಗಳನ್ನು ಒಂದೇ ಎಂದು ಬರೆಯುವವರು ಬಹಳ.

ಹಂತ 7: ವಾಪಸು ಬಂದ ಮೇಲೆ

ಬಕೆಟ್ಟಿನಲ್ಲಿ ಕಡಲ ನೀರು ತಂದಿರಬೇಕು. ಪಾಚಿಯನ್ನು ನಲ್ಲಿ ನೀರಿನಲ್ಲಿ ತೊಳೆದರೆ ನಾಜೂಕಾದ ಕೆಂಪು ಪಾಚಿಗಳ ಕೋಶ ಒಡೆದು ಬಣ್ಣ ಸೋರುತ್ತದೆ. ಅಗಲ ಟ್ರೇನಲ್ಲಿ ಕಡಲ ನೀರು ಹಾಕಿ ಪಾಚಿ ತೇಲಿಬಿಡಿ. ಅಡಿಗೆ ಡ್ರಾಯಿಂಗ್ ಶೀಟು ತೂರಿಸಿ, ಕಡ್ಡಿಯಿಂದ ಕವಲುಗಳನ್ನು ಬಿಡಿಸಿ, ಒಂದು ಕಡೆಯಿಂದ ನಿಧಾನಕ್ಕೆ ಎತ್ತಿ. ನೀರು ಇಳಿಯುವಾಗ ಪಾಚಿ ತಾನೇ ಕಾಗದದ ಮೇಲೆ ಹರಡಿಕೊಂಡು ಕೂರುತ್ತದೆ. ಮೇಲೆ ಮಲ್ ಬಟ್ಟೆ, ಅದರ ಮೇಲೆ ಪೇಪರು, ಅದರ ಮೇಲೆ ಭಾರ. ಪಾಚಿಯ ಲೋಳೆಯೇ ಗೋಂದಿನ ಕೆಲಸ ಮಾಡುತ್ತದೆ, ಬೇರೆ ಅಂಟು ಬೇಡ. ಮೊದಲ ಮೂರು ದಿನ ದಿನಕ್ಕೆರಡು ಸಲ ಪೇಪರು ಬದಲಿಸಿ. ಬಟ್ಟೆ ಮಾತ್ರ ಪೂರ್ತಿ ಒಣಗುವ ತನಕ ಎಳೆಯಬೇಡಿ, ಪಾಚಿಯೂ ಜೊತೆಗೇ ಬರುತ್ತದೆ.

ಶೀಟಿನ ಬಲಗಡೆ ಕೆಳಗೆ ಪೆನ್ಸಿಲಿನಲ್ಲಿ ಜಾಗ, ತಾರೀಕು, ಇಳಿತದ ಹೊತ್ತು, ಚೌಕಟ್ಟಿನ ನಂಬರು, ಸಂಗ್ರಹಿಸಿದವರ ಹೆಸರು. ಇದಿಲ್ಲದ ಶೀಟು ಬರೀ ಗ್ರೀಟಿಂಗ್ ಕಾರ್ಡು.

ನಮ್ಮ ಕಡೆಯ ನಿಜವಾದ ಶತ್ರು ಬೂಷ್ಟು. ಕರಾವಳಿಯಿಂದ ಉಪ್ಪಿನ ಸಮೇತ ಬಂದ ಶೀಟು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜೂನ್ ಬಂದರೆ ಮೂಡಿಗೆರೆ, ಸಕಲೇಶಪುರದ ಮನೆಗಳಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಇನ್ನು ಪಾಚಿ ಬಿಡುತ್ತದಾ? ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಹೊಸ ಬ್ಯಾಗು, ಶೂ ಡಬ್ಬಿಯಲ್ಲಿ ಬರುವ ಪೊಟ್ಟಣಗಳನ್ನು ಎಸೆಯದೆ ಕೂಡಿಡಿ. ಅಟ್ಟದ ಮೇಲೆ, ಒಲೆಯ ಹೊಗೆ ತಾಗುವ ಕಡೆ ಬೇಡ, ಬಣ್ಣ ಹೋಗುತ್ತದೆ.

ವರದಿಗೆ ಜಾಸ್ತಿ ಹೇಳುವುದಿಲ್ಲ. ಪ್ರತಿ ಭಾಗದ ಸರಾಸರಿ, ಒಂದು ಬಾರ್ ಗ್ರಾಫು, ಅಂಕಿಗಳು ಎಷ್ಟು ಚದುರಿವೆ ಎಂದು ಹೇಳುವ ಸ್ಟಾಂಡರ್ಡ್ ಡೀವಿಯೇಶನ್. ಎಷ್ಟು ಚೌಕಟ್ಟು, ಯಾವ ದಿನ, ಯಾವ ಹೊತ್ತು ಎಂಬುದನ್ನು ಮುಚ್ಚಿಡದೆ ಬರೆಯಿರಿ. ಒಂದು ಬಂಡೆ ನೋಡಿ ಇಡೀ ಕರಾವಳಿಯ ಬಗ್ಗೆ ತೀರ್ಪು ಕೊಡಬೇಡಿ.

ಇದನ್ನೇ ಮುಂದೆ ಓದಬೇಕು ಅಂದರೆ

ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲಿದೆ, ಎಂ.ಎಸ್ಸಿ.ಗೆ ನಮ್ಮವರು ಮೊದಲು ನೋಡಬೇಕಾದದ್ದು ಅದನ್ನೇ. ಪಿಯುಸಿಯಲ್ಲಿರುವ ತಮ್ಮ ತಂಗಿಯರಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ, ಸಿಇಟಿ ಮೂಲಕ ಸೇರಬಹುದು. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯ, ತಮಿಳುನಾಡಿನ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರ, ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇವೆಲ್ಲ ಆಮೇಲಿನ ದಾರಿ. ಆಮೆಯೇ ಬೇಕು ಅಂದರೆ ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ವರ್ಷಗಳಿಂದ ಆ ಕೆಲಸ ಮಾಡುತ್ತಿದೆ. ಭಾರತದಲ್ಲಿ ಕಡಲಾಮೆಯ ಅಧ್ಯಯನಕ್ಕೆ ದಾರಿ ಹಾಕಿದ ಸತೀಶ್ ಭಾಸ್ಕರ್ 1982ರಲ್ಲಿ ಲಕ್ಷದ್ವೀಪದ ಜನವಸತಿಯಿಲ್ಲದ ಸುಹೇಲಿಯಲ್ಲಿ ಇಡೀ ಮಳೆಗಾಲ ಒಬ್ಬರೇ ಕೂತು ಆಮೆ ಎಣಿಸಿದ್ದರು. ನಿಮ್ಮನ್ನು ಯಾರೂ ಅಷ್ಟು ಕೇಳುವುದಿಲ್ಲ.

ಸಂದರ್ಶನಕ್ಕೆ ಹೋಗುವಾಗ ಅಂಕಪಟ್ಟಿಯ ಜೊತೆ ಐದಾರು ಪಾಚಿ ಶೀಟು, ಸೊನ್ನೆಗಳಿರುವ ಆ ನೋಟ್‌ಬುಕ್ಕು ಎರಡನ್ನೂ ಒಯ್ಯಿರಿ. ಮೇಜಿನ ಮೇಲೆ ಇಟ್ಟರೆ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಹಿಂದಿನ ದಿನವೇ ಡಬ್ಬ ತೆರೆದು, ಬೂಷ್ಟು ಹಿಡಿದಿಲ್ಲ ಎಂದು ನೋಡಿಕೊಂಡು ಹೋಗಿ.